ಮಾರ್ಲ್‌ಬರೊ ಮನೆತನ

ಇತಿಹಾಸದ ಪಾಠಗಳನ್ನು ಓದುವಾಗ ನಮಗೆ ಲಾರ್ಡ್, ಅರ್ಲ್, ಡ್ಯೂಕ್ ಎಂಬ ಬಿರುದುಗಳು ಮೇಲಿಂದ ಮೇಲೆ ಎದುರಾಗುತ್ತವೆ. ವಿನ್‌ಸ್ಟನ್ ಚರ್ಚಿಲ್ಲರ ಅಜ್ಜ ಡ್ಯೂಕ್. ತಂದೆ ಲಾರ್ಡ್ ರಾಂಡಾಲ್ಫ್. ಆದರೆ ಅವರು ಮಾತ್ರ ಬಹುಕಾಲ ಬರಿಯ ಮಿಸ್ಟರ್ ಚರ್ಚಿಲ್. ಮೂರೇ ತಲೆಮಾರುಗಳಲ್ಲಿ ಇಷ್ಟೊಂದು ಇಳಿತವೇಕೆ? ಇದನ್ನು ಅರಿಯಲು ಆ ಮನೆತನದ ಕಥೆಯನ್ನೇ ನೋಡಬೇಕು.

ನಮ್ಮಲ್ಲಿ ತಂದೆಯ ಆಸ್ತಿ ಮಕ್ಕಳಲ್ಲಿ ಪಾಲಾಗುವುದು ರೂಢಿ. ಆಂಗ್ಲ ಶ್ರೀಮಂತರಲ್ಲಿ ಹಾಗಲ್ಲ. ಪದವಿಯೂ ಅದರೊಡನೆ ಸಾಮಾನ್ಯವಾಗಿ ಭೂಮಿ, ಅರಮನೆಗಳೂ ಹಿರಿಯ ಮಗನೊಬ್ಬನಿಗೇ ಸಲ್ಲುತ್ತವೆ. ಡ್ಯೂಕನ ಕಿರಿಯ ಮಕ್ಕಳನ್ನು ಮರ್ಯಾದೆಗಾಗಿ ಲಾರ್ಡ್ ಎಂದು ಕರೆಯುವರು; ಕಾಯಿದೆಯ ದೃಷ್ಟಿಯಲ್ಲಿ ಅವರು ಸಾಮಾನ್ಯ ಪ್ರಜೆಗಳೇ. ಅವರ ಮಕ್ಕಳಿಗೆ ಆ ಮರ್ಯಾದೆಯ ಹೆಸರೂ ಇಲ್ಲ. ಹೆಣ್ಣುಮಕ್ಕಳಿಗಂತೂ ಡ್ಯೂಕ್ ಪದವಿ ಬರುವುದು ತೀರ ಅಪೂರ್ವ. ಆ ಅಪೂರ್ವವಾದುದು ಈ ಮನೆತನದಲ್ಲಿಯೇ ನಡೆಯಿತು.

ಹದಿನೇಳನೆಯ ಶತಮಾನದಲ್ಲಿ ಸರ್ ವಿನ್‌ಸ್ಟನ್ ಚರ್ಚಿಲ್ ಎಂಬ ಹಳ್ಳಿಗಾಡಿನ ಗೃಹಸ್ಥನಿದ್ದನು. ಅಂತರ್ಯುದ್ಧದಲ್ಲಿ ದೊರೆ ಒಂದನೆಯ ಚಾರ್ಲ್ಸನ ಪಕ್ಷ ಹಿಡಿದು ಹಣಕಾಸಿನಲ್ಲಿ ಸೋತುಹೋದನು. ‘ನಿಷ್ಠಾವಂತ, ಆದರೆ ನಿರ್ಭಾಗ್ಯ’ ಎಂಬರ್ಥದ ಸ್ಪೇನಿಷ್ ಮಾತನ್ನು ತನ್ನ ಲಾಂಛನದ ಕೆಳಗೆ ಬರೆಸಿಕೊಂಡನು. ಆತನ ಮಗ ಜಾನನ ಭಾಗ್ಯವೋ ಬೇರೆಯೇ ಆಗಿತ್ತು. ಇಂಗ್ಲೆಂಡಿನ ಮಹಾಸೇನಾನಿಯಾಗಿ, 1702ರಲ್ಲಿ ಮಾರ್ಲ್‌ಬರೊದ ಡ್ಯೂಕನಾಗಿ, 1704ರ ಆಗಸ್ಟ್ 13ರಂದು ಡ್ಯಾನ್ಯೂಬ್ ನದಿಯ ಬಳಿಯ ಬ್ಲೆನ್‌ಹಿಮ್ ಎಂಬ ಹಳ್ಳಿಯ ಹತ್ತಿರ ಫ್ರೆಂಚರ ಸೈನ್ಯವನ್ನು ಮುರಿದನು. ರಾಣಿ ಆನ್ ಸಂತೋಷಪಟ್ಟು ವುಡ್‌ಸ್ಟಾಕಿನ ರಾಜಭೂಮಿಯನ್ನು ಉಂಬಳಿಯಾಗಿ ಕೊಟ್ಟಳು. ಅಲ್ಲಿ ಎದ್ದುದೇ ಬ್ಲೆನ್‌ಹಿಮ್ ಅರಮನೆ. ಅದಕ್ಕೆ ಗೇಣಿಯೆಷ್ಟು ಗೊತ್ತೆ? ಪ್ರತಿವರ್ಷ ಆ ಯುದ್ಧದ ದಿನದೊಳಗೆ ವಿಂಡ್ಸರ್ ಕೋಟೆಗೆ ಒಂದು ಬಾವುಟವನ್ನು ಒಪ್ಪಿಸಿದರಾಯಿತು!

ಅರಮನೆಯ ಅಡಿಪಾಯ ಬೀಳುವುದಕ್ಕೆ ಮುನ್ನವೇ ಆ ಮನೆಯಲ್ಲಿ ಶೋಕ ಹೊಕ್ಕಿತ್ತು. ಡ್ಯೂಕನ ವಂಶಕ್ಕೆ ಉಳಿದಿದ್ದ ಒಬ್ಬನೇ ಮಗ ಕೇಂಬ್ರಿಜ್‌ನಲ್ಲಿ ಓದುತ್ತಿದ್ದವನು, 1703ರಲ್ಲಿ ಸಿಡುಬಿನಿಂದ ತೀರಿಕೊಂಡನು. ಉಳಿದವರು ನಾಲ್ವರು ಹೆಣ್ಣುಮಕ್ಕಳು. ರೂಢಿಯಂತೆ ಪದವಿ ಅಲ್ಲಿಗೇ ಅಳಿಯಬೇಕಾಗಿತ್ತು. ಆದರೆ 1706ರಲ್ಲಿ ಪಾರ್ಲಿಮೆಂಟು ವಿಶೇಷ ಕಾಯಿದೆಯೊಂದನ್ನು ಮಾಡಿ, ಪದವಿಯು ಹೆಣ್ಣುಮಕ್ಕಳಿಗೂ ಅವರ ಸಂತತಿಗೂ ಸಲ್ಲಬಹುದೆಂದು ವಿಧಿಸಿತು. ಯುದ್ಧ ಗೆದ್ದವನಿಗೆ ದೊರೆತ ಈ ಸೌಲಭ್ಯ ಇತರ ತಂದೆಯರ ಹೆಣ್ಣುಮಕ್ಕಳಿಗೆ ದೊರೆಯಲಿಲ್ಲವೆಂಬುದನ್ನೂ ನಾವು ಗಮನಿಸಬೇಕು. 2013ರಲ್ಲಿ ಸಿಂಹಾಸನದ ಮಟ್ಟಿಗೆ ಹೆಣ್ಣು ಗಂಡೆಂಬ ಭೇದವನ್ನು ತೆಗೆದ ಕಾಯಿದೆಯೂ ಶ್ರೀಮಂತರ ಪದವಿಗಳನ್ನು ಮುಟ್ಟಲಿಲ್ಲ.

1722ರಲ್ಲಿ ಜಾನನು ತೀರಿಕೊಳ್ಳಲು ಹಿರಿಯ ಮಗಳು ಹೆನ್ರಿಯೆಟಾ ಸ್ವಂತ ಹಕ್ಕಿನಿಂದ ಡಚೆಸ್ ಆದಳು. ಅವಳ ಮಗ ಅವಳಿಗಿಂತ ಮೊದಲೇ ಗತಿಸಿದುದರಿಂದ, 1733ರಲ್ಲಿ ಪದವಿಯು ಎರಡನೆಯ ಮಗಳಾದ ಆನ್‌ಳ ಮಗ ಚಾರ್ಲ್ಸ್ ಸ್ಪೆನ್ಸರನಿಗೆ ಬಂದಿತು. ಆಲ್‌ಥಾರ್ಪಿನ ಸ್ಪೆನ್ಸರ್ ಆಸ್ತಿ ಅವನ ತಮ್ಮ ಜಾನನ ಪಾಲಾಯಿತು. ಹೀಗೆ ಮನೆ ಎರಡು ಕವಲಾಯಿತು. ತಮ್ಮನ ಕವಲಿನಲ್ಲಿ ಹುಟ್ಟಿದವರೇ ರಾಜಕುಮಾರಿ ಡಯಾನಾ. ಅಣ್ಣನ ಕವಲಿನವರು ತಾಯಿಯ ಕಡೆಯ ಕೀರ್ತಿಯನ್ನು ಮರೆಯಲಾರದೆ 1817ರಲ್ಲಿ ಸ್ಪೆನ್ಸರ್-ಚರ್ಚಿಲ್ ಎಂದು ಹೆಸರನ್ನು ಜೋಡಿಸಿಕೊಂಡರು. ಎಂದರೆ ಚರ್ಚಿಲ್ ಎಂಬ ಹೆಸರು ಉಳಿದುದು ಹೆಣ್ಣುಮಕ್ಕಳ ಮೂಲಕವೇ.

ಇನ್ನು ವಿನ್‌ಸ್ಟನ್ನರ ಮಾತು. ಏಳನೆಯ ಡ್ಯೂಕನ ಕಿರಿಯ ಮಗ ಲಾರ್ಡ್ ರಾಂಡಾಲ್ಫನಿಗೆ ಅವರು 1874ರ ನವೆಂಬರ್ 30ರಂದು ಬ್ಲೆನ್‌ಹಿಮ್ ಅರಮನೆಯಲ್ಲಿಯೇ ಜನಿಸಿದರು. ಹುಟ್ಟಿದುದು ಅರಮನೆಯಲ್ಲಾದರೂ ಅರಮನೆ ಅವರದಲ್ಲ. ಆದರೂ ಒಮ್ಮೆ ಅದು ಕೈಗೆಟಕುವಷ್ಟು ಹತ್ತಿರ ಬಂದಿತ್ತು. ಒಂಬತ್ತನೆಯ ಡ್ಯೂಕನಿಗೆ ಸೋದರರೂ ಇರಲಿಲ್ಲ, ಮಕ್ಕಳೂ ಆಗಿರಲಿಲ್ಲ. 1895ರ ಜನವರಿಯಲ್ಲಿ ರಾಂಡಾಲ್ಫನು ತೀರಿಕೊಳ್ಳಲು ಮುಂದಿನ ಹಕ್ಕುದಾರರಾಗಿ ಉಳಿದವರು ವಿನ್‌ಸ್ಟನ್. ಅದೇ ವರ್ಷ ಡ್ಯೂಕನನ್ನು ಮದುವೆಯಾಗಿ ಬಂದ ಅಮೆರಿಕೆಯ ಕಾನ್‌ಸ್ವೇಲೊ ವಾಂಡರ್‌ಬಿಲ್ಟ್ ತನ್ನ ಆತ್ಮಕಥೆಯಲ್ಲಿ ಒಂದು ಸಂಗತಿಯನ್ನು ಹೇಳಿದ್ದಾಳೆ: ಮನೆಯ ಮುದುಕಿ ಡಚೆಸ್ ಅವಳನ್ನು ಕರೆದು, ಬೇಗ ಗಂಡುಮಗುವನ್ನು ಹೆರಬೇಕು, ವಿನ್‌ಸ್ಟನ್ ಡ್ಯೂಕನಾಗುವುದನ್ನು ಸಹಿಸಲಾಗದು ಎಂದಳಂತೆ. ಆ ಮುದುಕಿ ವಿನ್‌ಸ್ಟನ್ನರ ಸ್ವಂತ ಅಜ್ಜಿ!

ಆ ದಿನಗಳಲ್ಲಿ ಈ ಹಕ್ಕುದಾರರು ಎಲ್ಲಿದ್ದರು? 1896ರ ಅಕ್ಟೋಬರಿನಿಂದ ನಮ್ಮ ಬೆಂಗಳೂರಿನ ದಂಡಿನಲ್ಲಿ, ನಾಲ್ಕನೆಯ ಹುಸಾರ್ ಕುದುರೆಪಡೆಯ ಕಿರಿಯ ಅಧಿಕಾರಿಯಾಗಿ. ಬೆಳಿಗ್ಗೆ ಕವಾಯತು, ಸಂಜೆ ಪೋಲೊ, ನಡುವೆ ಬಿಸಿಲಿನ ಹೊತ್ತಿನಲ್ಲಿ ಗ್ರಂಥಗಳ ಓದು. 1897ರ ಸೆಪ್ಟೆಂಬರಿನಲ್ಲಿ ಡ್ಯೂಕನಿಗೆ ಮಗ ಹುಟ್ಟಿದಾಗ ಅವರು ವಾಯವ್ಯ ಗಡಿಯ ಕಾಳಗದಲ್ಲಿದ್ದರು. ಹಕ್ಕು ಅಲ್ಲಿಗೆ ಹೋಯಿತು. ಒಂದು ವೇಳೆ ಡ್ಯೂಕರಾಗಿದ್ದರೆ ಅವರ ಸ್ಥಾನ ಲಾರ್ಡರ ಸಭೆಯಲ್ಲಿರುತ್ತಿತ್ತು; ಬಂದ ಪದವಿಯನ್ನು ಬಿಟ್ಟುಕೊಡಲು 1963ರವರೆಗೆ ಕಾಯಿದೆಯೇ ಇರಲಿಲ್ಲ. 1940ರಲ್ಲಿ ಪ್ರಧಾನಮಂತ್ರಿಯಾಗುವುದು ದುಸ್ತರವಾಗುತ್ತಿತ್ತು. ನಮ್ಮ ಸ್ವಾತಂತ್ರ್ಯವನ್ನು ಕಡೆಯವರೆಗೂ ವಿರೋಧಿಸಿದ ಆತನ ವಿಷಯದಲ್ಲಿ ನಮಗೆ ಅಭಿಮಾನವಿಲ್ಲ. ಆದರೂ ಒಂದು ಶಿಶುವಿನ ಜನನ ಇತಿಹಾಸದ ದಾರಿಯನ್ನು ಹೇಗೆ ತಿರುಗಿಸಿತೆಂಬುದು ಸೋಜಿಗ.

ಬೆಂಗಳೂರಿನಲ್ಲಿ ಅವರು ಓದಿದ ಗ್ರಂಥಗಳಲ್ಲಿ ಮೆಕಾಲೆಯ ಇಂಗ್ಲೆಂಡಿನ ಇತಿಹಾಸವೂ ಒಂದು. ಅದರಲ್ಲಿ ಮೊದಲನೆಯ ಡ್ಯೂಕನನ್ನು ಲೋಭಿ, ದ್ರೋಹಿ ಎಂದು ಚಿತ್ರಿಸಲಾಗಿತ್ತು. ಅದಕ್ಕೆ ಉತ್ತರವಾಗಿ ಅವರು 1933ರಿಂದ 1938ರವರೆಗೆ ಪೂರ್ವಜನ ಚರಿತ್ರೆಯನ್ನು ನಾಲ್ಕು ಸಂಪುಟಗಳಲ್ಲಿ ಬರೆದು ಪ್ರಕಟಿಸಿದರು. 1965ರ ಜನವರಿ 24ರಂದು, ತಂದೆ ತೀರಿಕೊಂಡ ತಾರೀಖಿಗೆ ಸರಿಯಾಗಿ ಎಪ್ಪತ್ತು ವರ್ಷಗಳ ಬಳಿಕ, ನಿಧನರಾದರು. ಸಮಾಧಿ ಇರುವುದು ಅರಮನೆಯೊಳಗೆ ಡ್ಯೂಕರ ಸಾಲಿನಲ್ಲಲ್ಲ. ಸಮೀಪದ ಬ್ಲೇಡನ್ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ, ತಂದೆತಾಯಿಗಳ ಪಕ್ಕದಲ್ಲಿ.