ಬೇಲಿಯ ಸಂದುಬಳ್ಳಿಯನ್ನು ಬಲ್ಲಿರಾ?

ಬ್ರಹ್ಮಕಮಲವೆಂದು ನಾವು ಕುಂಡದಲ್ಲಿ ಬೆಳೆಸುವ ಸಸ್ಯ ಅರಳಿದ ರಾತ್ರಿ ನೆರೆಹೊರೆಯವರನ್ನೆಲ್ಲ ಕರೆದು ಸಂಭ್ರಮಿಸುತ್ತೇವೆ. ಅದರ ತವರು ದೂರದ ಮೆಕ್ಸಿಕೊ; ಹಿಮಾಲಯದ ಬ್ರಹ್ಮಕಮಲವೇ ಬೇರೆ. ಹೊಲದಂಚಿನ ಪಾಪಾಸುಕಳ್ಳಿ, ಕತ್ತಾಳೆಗಳೂ ಅಮೆರಿಕ ಖಂಡದಿಂದ ಬಂದವುಗಳೇ.

ಹಾಗಾದರೆ ಒಡಲಲ್ಲಿ ನೀರು ಕೂಡಿಟ್ಟು ಬರವನ್ನು ಗೆಲ್ಲುವ ಸಸ್ಯಗಳು ನಮ್ಮಲ್ಲಿಲ್ಲವೆ? ಔರಾದ, ಭಾಲ್ಕಿ ಕಡೆಯ ಹಳೆಯ ಬೇಲಿಗಳನ್ನು ದಿಟ್ಟಿಸಿ ನೋಡಬೇಕು. ನಾಲ್ಕು ಏಣುಗಳ ಹಸಿರು ದಂಟು, ಗೆಣ್ಣುಗೆಣ್ಣಿಗೂ ಸಂದು. ಇದೇ ಮಂಗರಬಳ್ಳಿ ಅಥವಾ ಸಂದುಬಳ್ಳಿ. ಹಗಲಿನ ಬಿಸಿಲಿನಲ್ಲಿ ಇದರ ದಂಟು ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡು ನೀರನ್ನು ಕಾಯ್ದುಕೊಳ್ಳುತ್ತದೆ. ರಾತ್ರಿಯ ತಂಪಿನಲ್ಲಿ ಗಾಳಿಯನ್ನು ಒಳಗೆ ಸೆಳೆಯುತ್ತದೆ. ಎಳೆಯ ಕುಡಿಗಳಿಂದ ನಮ್ಮ ತಾಯಂದಿರು ಚಟ್ನಿ ಅರೆಯುತ್ತಿದ್ದರು. ತುರಿಕೆಯಾಗದಂತೆ ಎಣ್ಣೆಯಲ್ಲಿ ಹುರಿದು ಹುಣಸೆ ಬೆರೆಸುವ ಜಾಣ್ಮೆಯೂ ಅವರಿಗಿತ್ತು!

ದಖ್ಖನಿನ ಕಲ್ಲುಗುಡ್ಡಗಳ ಕರಾಲ್ಲುಮ ಎಂಬ ಗಿಡವಂತೂ ಇನ್ನೂ ಅಪರಿಚಿತ. ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ದಾಖಲಿಸಿದ, ನಮ್ಮ ನೆರೆಯ ತೆಲುಗಿನ ಹೆಸರೇ ಅದರ ಕುಲನಾಮವಾಗಿ ಜಗತ್ತಿನ ಶಾಸ್ತ್ರಗ್ರಂಥಗಳಲ್ಲಿ ಸೇರಿತು. ಹಸಿವು ತಣಿಸಲು ಅದರ ದಂಟನ್ನು ಜಗಿಯುವ ರೂಢಿಯಿತ್ತು. ಗುಡ್ಡ ಅಗೆದಾಗ ಅಲ್ಲಿ ಏನು ಅಳಿಯಿತೆಂದು ಕೇಳುವವರೇ ಇಲ್ಲ.

ಬೇಲಿ ಕಿತ್ತು ತಂತಿ ಬಿಗಿಯುವ ಮುನ್ನ ಸಂದುಬಳ್ಳಿಯ ಎರಡು ಗೆಣ್ಣುಗಳ ತುಂಡೊಂದನ್ನು ಕುಂಡದಲ್ಲಿ ನೆಡಿರಿ, ಸುಲಭವಾಗಿ ಚಿಗುರುತ್ತದೆ. ಗುಡ್ಡದ ಗಿಡವನ್ನು ಮಾತ್ರ ಕೀಳದೆ, ಇದ್ದಲ್ಲಿಯೇ ಮಕ್ಕಳಿಗೆ ತೋರಿಸಬೇಕೆಂದು ನಮ್ಮ ವಿನಂತಿ.