ವಿಶ್ವ ದೂರದರ್ಶನ ದಿನ: ಕಿರುತೆರೆ ಯಾರ ಸೊತ್ತು?

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ದೇಶ ಸುತ್ತುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಕೋಶ ಓದಲು ಅಕ್ಷರ ಬರಬೇಕು. ಇವೆರಡೂ ಇಲ್ಲದವರ ಮುಂದೆ ಸಹ ಜಗತ್ತನ್ನು ತಂದು ನಿಲ್ಲಿಸಬಲ್ಲ ಸಾಧನವೆಂದು ದೂರದರ್ಶನವನ್ನು ಕೊಂಡಾಡುವುದುಂಟು. ಈ ಹೊಗಳಿಕೆ ಎಷ್ಟರಮಟ್ಟಿಗೆ ನಿಜ ಎಂಬುದನ್ನು ವಿದ್ಯಾರ್ಥಿಗಳಾದ ನೀವು ಒಮ್ಮೆ ಪರಿಶೀಲಿಸಿ ನೋಡುವುದು ಒಳ್ಳೆಯದು.

ಪ್ರತಿ ವರ್ಷ ನವೆಂಬರ್ 21ರಂದು ವಿಶ್ವ ದೂರದರ್ಶನ ದಿನವನ್ನು ಆಚರಿಸಲಾಗುತ್ತದೆ. 1996ರ ನವೆಂಬರ್ 21 ಮತ್ತು 22ರಂದು ವಿಶ್ವಸಂಸ್ಥೆಯಲ್ಲಿ ಮೊದಲ ವಿಶ್ವ ದೂರದರ್ಶನ ಸಮಾವೇಶ ನಡೆಯಿತು. ಅದರ ನೆನಪಿಗಾಗಿ ಅದೇ ವರ್ಷ ಡಿಸೆಂಬರ್ 17ರಂದು ಮಹಾಸಭೆ ಈ ದಿನವನ್ನು ಘೋಷಿಸಿತು. ಶಾಂತಿ, ಭದ್ರತೆ, ಆರ್ಥಿಕ ಮತ್ತು ಸಾಮಾಜಿಕ ಪ್ರಗತಿ, ಸಂಸ್ಕೃತಿಗಳ ವಿನಿಮಯ - ಈ ವಿಷಯಗಳ ಕಾರ್ಯಕ್ರಮಗಳನ್ನು ದೇಶಗಳು ಪರಸ್ಪರ ಹಂಚಿಕೊಳ್ಳಬೇಕೆಂಬುದು ಅದರ ಆಶಯ.

ಆದರೆ ಈ ನಿರ್ಣಯವನ್ನು ಎಲ್ಲರೂ ಒಂದೇ ಮನಸ್ಸಿನಿಂದ ಒಪ್ಪಲಿಲ್ಲ. ಜರ್ಮನಿಯ ಪ್ರತಿನಿಧಿಗಳು ಒಂದು ತಕರಾರು ಎತ್ತಿದರು. ಜಗತ್ತಿನ ಬಹುಪಾಲು ಜನರ ಮನೆಯಲ್ಲಿ ದೂರದರ್ಶನವೇ ಇಲ್ಲ. ಅಂಥವರಿಗೆ ಇದು ಶ್ರೀಮಂತರ ಹಬ್ಬದಂತೆ ಕಂಡೀತು ಎಂಬುದು ಅವರ ವಾದ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲೇ ನಮ್ಮ ದೇಶ ಒಂದು ಉತ್ತರವನ್ನು ಹುಡುಕಿತ್ತು. ಆ ಉತ್ತರದಲ್ಲಿ ನಮ್ಮ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಪಾಲೂ ಇದೆ.

ಜಗತ್ತನ್ನು ಕೂಡಿಸಿದ ಪೆಟ್ಟಿಗೆ

1926ರ ಜನವರಿ 26ರಂದು ಜಾನ್ ಲೋಗಿ ಬೇರ್ಡ್ ಲಂಡನ್ನಿನಲ್ಲಿ ವಿಜ್ಞಾನಿಗಳ ಮುಂದೆ ದೂರದರ್ಶನದ ಚಿತ್ರವನ್ನು ಪ್ರದರ್ಶಿಸಿದರು. ಹತ್ತು ವರ್ಷಗಳ ನಂತರ, 1936ರ ನವೆಂಬರ್‌ನಲ್ಲಿ, ಬಿಬಿಸಿ ತನ್ನ ನಿಯತ ಪ್ರಸಾರವನ್ನು ಆರಂಭಿಸಿತು. 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಸುಮಾರು 60 ಕೋಟಿ ಜನ ಅದನ್ನು ತೆರೆಯ ಮೇಲೆ ಕಂಡರೆಂಬ ಅಂದಾಜಿದೆ. 1984ರಲ್ಲಿ ಇಥಿಯೋಪಿಯದ ಬರಗಾಲದ ದೃಶ್ಯಗಳು ತೆರೆಯ ಮೇಲೆ ಬಂದಾಗ ದೂರದ ದೇಶಗಳ ಜನ ಹಣ ಕೂಡಿಸಿ ಕಳುಹಿಸಿದರು. ಸಾವಿರ ಮೈಲಿ ಆಚೆಯ ಸಂಕಟವನ್ನು ಕಣ್ಣಾರೆ ಕಂಡಾಗ ಮನಸ್ಸು ಕರಗುತ್ತದೆ. ದೂರದರ್ಶನದ ದೊಡ್ಡ ಶಕ್ತಿ ಇದೇ.

ಹಳ್ಳಿಯಿಂದ ಆರಂಭ

ಭಾರತದಲ್ಲಿ ಪ್ರಾಯೋಗಿಕ ಪ್ರಸಾರ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಎರಡನೆಯ ಕೇಂದ್ರವಾದ ಮುಂಬಯಿಗೆ ಅದು ತಲುಪಲು 1972ರವರೆಗೆ ಕಾಯಬೇಕಾಯಿತು. ಭೂಮಿಯ ಮೇಲಿನ ಪ್ರಸಾರ ಗೋಪುರದ ಅಲೆಗಳು ಕೆಲವು ಹತ್ತು ಕಿಲೋಮೀಟರ್‌ಗಳವರೆಗೆ ಮಾತ್ರ ಹೋಗುತ್ತವೆ. ಈ ಕ್ರಮದಲ್ಲಿ ಮೊದಲು ಮಹಾನಗರ, ಆಮೇಲೆ ಪಟ್ಟಣ, ಕಟ್ಟಕಡೆಗೆ ಹಳ್ಳಿ. ಹಳ್ಳಿಯ ಸರದಿ ಬರುವ ಹೊತ್ತಿಗೆ ಒಂದು ತಲೆಮಾರೇ ಕಳೆದುಹೋಗುತ್ತಿತ್ತು.

ಈ ಕ್ರಮವನ್ನೇ ತಿರುವುಮುರುವು ಮಾಡಬೇಕೆಂದು ಯೋಚಿಸಿದವರು ವಿಜ್ಞಾನಿ ವಿಕ್ರಮ್ ಸಾರಾಭಾಯಿ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ದೆಹಲಿಯೂ ಒಂದೇ, ದೇವದುರ್ಗವೂ ಒಂದೇ. ಹಾಗಾದರೆ ಹಿಂದುಳಿದ ಹಳ್ಳಿಗಳಿಂದಲೇ ಏಕೆ ಆರಂಭಿಸಬಾರದು? 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಸಾರಾಭಾಯಿಯವರು 1971ರಲ್ಲಿ ತೀರಿಕೊಂಡರು. ಆದರೆ ಯೋಜನೆ ನಿಲ್ಲಲಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ‘ಸೈಟ್’ ಎಂಬ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗ ನಡೆಯಿತು. ಆಂಧ್ರಪ್ರದೇಶ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒಡಿಶಾ, ರಾಜಸ್ಥಾನ ಈ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿ ಸೇರಿದ್ದವು.

ಅದರ ಕಾರ್ಯವಿಧಾನ ಹೀಗಿತ್ತು: ಕಾರ್ಯಕ್ರಮಗಳನ್ನು ಅಹಮದಾಬಾದಿನ ಭೂಕೇಂದ್ರದಿಂದ ಎಟಿಎಸ್-6 ಎಂಬ ಉಪಗ್ರಹಕ್ಕೆ ಕಳುಹಿಸಲಾಗುತ್ತಿತ್ತು. ಆ ಉಪಗ್ರಹದಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುವ, ಒಂಬತ್ತು ಮೀಟರ್ ಅಗಲದ ದೊಡ್ಡ ಆಂಟೆನಾ ಇತ್ತು. ಮೇಲಿನಿಂದ ಬರುವ ಸಂಕೇತ ಬಲವಾಗಿದ್ದುದರಿಂದ ಕೆಳಗಿನ ಉಪಕರಣ ಸರಳವಾಗಿದ್ದರೂ ಸಾಕಾಗುತ್ತಿತ್ತು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಬೋಗುಣಿಯಂಥ ಆಂಟೆನಾ ಮತ್ತು ಹಳ್ಳಿಗೊಂದು ಪೆಟ್ಟಿಗೆ, ಇಷ್ಟೇ. ವಿದ್ಯುತ್ ಇಲ್ಲದ ಕೆಲವು ಕಡೆ ಪೆಟ್ಟಿಗೆ ಬ್ಯಾಟರಿಯಿಂದ ನಡೆಯುತ್ತಿತ್ತು. ಒಂದೇ ಚಿತ್ರದೊಡನೆ ಎರಡು ಭಾಷೆಗಳ ಧ್ವನಿಯನ್ನು ಕಳುಹಿಸುವ ಏರ್ಪಾಡಿದ್ದುದರಿಂದ, ಒಂದೇ ದೃಶ್ಯಕ್ಕೆ ಒಂದು ಹಳ್ಳಿಯವರು ಕನ್ನಡದ ಮಾತನ್ನೂ ಇನ್ನೊಂದು ಹಳ್ಳಿಯವರು ತೆಲುಗಿನ ಮಾತನ್ನೂ ಕೇಳಬಹುದಾಗಿತ್ತು. ಸ್ವಾರಸ್ಯದ ಸಂಗತಿಯೆಂದರೆ, ಆಗ ರಾಜಧಾನಿ ಬೆಂಗಳೂರಿಗೇ ದೂರದರ್ಶನ ಬಂದಿರಲಿಲ್ಲ. ಅದು ಬಂದದ್ದು 1981ರಲ್ಲಿ.

ಪ್ರಯೋಗ ಕಲಿಸಿದ ಪಾಠ

ಬೆಳಿಗ್ಗೆ ಶಾಲಾ ಮಕ್ಕಳಿಗಾಗಿ, ಸಂಜೆ ಊರಿನ ಎಲ್ಲರಿಗಾಗಿ ಪ್ರಸಾರವಿತ್ತು. ಬೇಸಾಯ, ಆರೋಗ್ಯ, ಪೌಷ್ಟಿಕ ಆಹಾರ, ಕುಟುಂಬ ಯೋಜನೆ ಮುಖ್ಯ ವಿಷಯಗಳು. ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ಈ ಮೂಲಕ ದೊರೆಯಿತು. ಪರಿಣಾಮವನ್ನು ಅಳೆಯಲು ಸಮಾಜ ವಿಜ್ಞಾನಿಗಳು ಹಳ್ಳಿಗಳಲ್ಲಿಯೇ ಉಳಿದು ಅಧ್ಯಯನ ಮಾಡಿದರು.

ಅವರು ಕಂಡದ್ದೇನು? ಆರೋಗ್ಯ ಮತ್ತು ಶುಚಿತ್ವದ ವಿಷಯದಲ್ಲಿ ತಿಳಿವಳಿಕೆ ಹೆಚ್ಚಿತ್ತು. ಅದರಲ್ಲಿಯೂ ಅಕ್ಷರ ಬಾರದವರಿಗೆ, ಹೆಣ್ಣುಮಕ್ಕಳಿಗೆ ಆದ ಲಾಭ ಗಮನಾರ್ಹವಾಗಿತ್ತು. ಮಕ್ಕಳ ಭಾಷಾ ಸಾಮರ್ಥ್ಯವೂ ಸುಧಾರಿಸಿತ್ತು. ಆದರೆ ಬೇಸಾಯದಲ್ಲಿ ಹೊಸ ಪದ್ಧತಿಗಳನ್ನು ಅಳವಡಿಸಿಕೊಂಡವರು ಹೆಚ್ಚಿರಲಿಲ್ಲ. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಕೈ ತೊಳೆದು ಊಟ ಮಾಡಬೇಕೆಂಬ ಮಾತು ಎಲ್ಲ ಊರಿಗೂ ಸಲ್ಲುತ್ತದೆ. ಯಾವ ಬೆಳೆಗೆ ಯಾವ ಗೊಬ್ಬರ ಎಂಬುದು ಮಣ್ಣಿನಿಂದ ಮಣ್ಣಿಗೆ, ಮಳೆಯಿಂದ ಮಳೆಗೆ ಬದಲಾಗುತ್ತದೆ. ರಾಯಚೂರಿನ ಎರೆಭೂಮಿಯ ರೈತನಿಗೆ ದೂರದ ಊರಿನ ಕೆಂಪುಮಣ್ಣಿನ ಪಾಠ ಹೇಳಿದರೆ ಪ್ರಯೋಜನವೇನು?

ಈ ಕೊರತೆಗೆ ಪರಿಹಾರವನ್ನು ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹುಡುಕಲಾಯಿತು. ಅಲ್ಲಿ 1975ರಲ್ಲಿ ಪೀಜ್ ಎಂಬ ಹಳ್ಳಿಯಲ್ಲಿ ಒಂದು ಸಣ್ಣ ಪ್ರಸಾರ ಕೇಂದ್ರ ಸ್ಥಾಪನೆಯಾಯಿತು. ಆ ಜಿಲ್ಲೆಯವರ ಸಮಸ್ಯೆಗಳನ್ನೇ, ಅವರ ಮಾತಿನಲ್ಲಿಯೇ ಕಾರ್ಯಕ್ರಮಗಳಾಗಿ ಮಾಡಿ ತೋರಿಸಲಾಯಿತು. ಈ ಕೆಲಸಕ್ಕೆ 1984ರಲ್ಲಿ ಯುನೆಸ್ಕೋದ ಗ್ರಾಮೀಣ ಸಂವಹನ ಪ್ರಶಸ್ತಿ ಸಂದಿತು.

ಪಾಠವನ್ನು ಕಥೆಯ ಮೂಲಕ ಹೇಳುವ ಇನ್ನೊಂದು ದಾರಿಯೂ ಇತ್ತು. ಅದೇ 1975ರಲ್ಲಿ ಮೆಕ್ಸಿಕೋ ದೇಶದಲ್ಲಿ ಮಿಗೆಲ್ ಸಾಬಿದೋ ಅವರು ವಯಸ್ಕರ ಶಿಕ್ಷಣದ ಸುತ್ತ ಒಂದು ಧಾರಾವಾಹಿ ನಿರ್ಮಿಸಿದರು. ಅದರ ಪ್ರಸಾರದ ಅವಧಿಯಲ್ಲಿ ಸಾಕ್ಷರತಾ ತರಗತಿಗಳಿಗೆ ಸೇರಿದವರ ಸಂಖ್ಯೆ ಎಂಟು ಲಕ್ಷವನ್ನು ಮೀರಿತು. ಇದೇ ಮಾದರಿಯಿಂದ ಪ್ರೇರಣೆ ಪಡೆದು 1984ರ ಜುಲೈ 7ರಂದು ನಮ್ಮಲ್ಲಿ ‘ಹಮ್ ಲೋಗ್’ ಆರಂಭವಾಯಿತು. ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ವೀಕ್ಷಕರೊಡನೆ ಮಾತನಾಡುತ್ತಿದ್ದರು. 156 ಕಂತುಗಳ ಈ ಧಾರಾವಾಹಿಗೆ ಸುಮಾರು ನಾಲ್ಕು ಲಕ್ಷ ಪತ್ರಗಳು ಬಂದವು. ಜನ ನೋಡಿ ಸುಮ್ಮನಾಗಲಿಲ್ಲ, ಮರುಮಾತಾಡಿದರು ಎಂಬುದಕ್ಕೆ ಈ ಪತ್ರಗಳೇ ಸಾಕ್ಷಿ.

ಇಂದು ನಮ್ಮ ಮುಂದಿರುವ ಪ್ರಶ್ನೆ

‘ಸೈಟ್’ ಮುಗಿದ ಮೇಲೆ ಉಪಗ್ರಹವನ್ನು ಅಮೆರಿಕ ಹಿಂದಕ್ಕೆ ಪಡೆಯಿತು. ನೋಡುವ ರೂಢಿಯಾಗಿದ್ದ ಹಳ್ಳಿಗಳ ತೆರೆ ಬರಿದಾಯಿತು. ಆ ಕೊರತೆ ತುಂಬಲು 1977ರಲ್ಲಿ ಕಲಬುರಗಿಯಲ್ಲಿ ಪ್ರಸಾರ ಕೇಂದ್ರ ಆರಂಭವಾಯಿತು. 1983ರಲ್ಲಿ ಇನ್ಸಾಟ್-1ಬಿ ಕಕ್ಷೆ ಸೇರಿದ ಮೇಲೆ ದೇಶದ ಉದ್ದಗಲಕ್ಕೆ ಪ್ರಸಾರ ಹಬ್ಬಿತು. ಇನ್ಸಾಟ್ ಉಪಗ್ರಹಗಳ ನಿಯಂತ್ರಣ ನಮ್ಮ ಹಾಸನದಿಂದಲೇ ನಡೆಯಿತು. 1990ರ ದಶಕದಲ್ಲಿ ಖಾಸಗಿ ವಾಹಿನಿಗಳು ಬಂದವು. 2020ರಲ್ಲಿ ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಪಾಠಗಳು ಪ್ರಸಾರವಾದವು. ಇಂಟರ್ನೆಟ್ ಸೌಲಭ್ಯವಿಲ್ಲದ ಮನೆಗಳ ಮಕ್ಕಳಿಗೆ ಆಗ ನೆರವಾದದ್ದು ಇದೇ ಹಳೆಯ ಪೆಟ್ಟಿಗೆ.

ಹಾಗಾದರೆ ಕಿರುತೆರೆ ಯಾರ ಸೊತ್ತು? ಜರ್ಮನಿಯ ಪ್ರತಿನಿಧಿಗಳ ತಕರಾರಿಗೆ ‘ಸೈಟ್’ ಕೊಟ್ಟ ಉತ್ತರ ಹೀಗಿದೆ: ಬಡವನ ಊರಿಗೆ ತಲುಪಿದರೆ, ಅವನ ಭಾಷೆಯಲ್ಲಿ ಮಾತನಾಡಿದರೆ, ಅವನ ಹೊಲ ಮನೆಗಳ ಚಿಂತೆ ಅದಕ್ಕಿದ್ದರೆ ಅದು ಅವನ ಸೊತ್ತೂ ಹೌದು. ಇವುಗಳಲ್ಲಿ ಒಂದು ತಪ್ಪಿದರೂ ಅದು ಮತ್ತೊಬ್ಬರ ಮನೆಯ ಕಿಟಕಿಯಲ್ಲಿ ಇಣುಕಿದಂತೆ ಮಾತ್ರ.

ಇಂದು ತೆರೆ ಅಂಗೈಗೇ ಬಂದಿದೆ. ಅಂದು ಒಂದು ಪೆಟ್ಟಿಗೆಯ ಮುಂದೆ ನೂರು ಜನ ಕೂಡುತ್ತಿದ್ದರು. ಇಂದು ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ತೆರೆಗಳ ಮುಂದೆ ಕುಳಿತಿರುತ್ತಾರೆ. ನೋಡುವ ಅನುಕೂಲ ಹೆಚ್ಚಿದೆ, ನೋಡಿದ್ದನ್ನು ಕೂಡಿ ಚರ್ಚಿಸುವ ಅವಕಾಶ ಕಡಿಮೆಯಾಗಿದೆ. ಆದ್ದರಿಂದ ಬರುವ ನವೆಂಬರ್ 21ರಂದು ನಿಮ್ಮ ತರಗತಿಯಲ್ಲಿ ಒಂದು ಕಾರ್ಯಕ್ರಮವನ್ನು ಎಲ್ಲರೂ ಒಟ್ಟಿಗೆ ನೋಡಿರಿ. ಇದನ್ನು ಯಾರಿಗಾಗಿ ಮಾಡಿದ್ದಾರೆ? ಇದರಲ್ಲಿ ನಮ್ಮ ಊರಿನ ಮಾತಿದೆಯೇ? ಕಾಣಿಸದೆ ಉಳಿದವರು ಯಾರು? ಈ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನಿಮ್ಮ ನಿಮ್ಮಲ್ಲಿ ಚರ್ಚಿಸಿರಿ. ನಿಮಗೆ ತೋಚಿದ್ದನ್ನು ಒಂದು ಕಾಗದದಲ್ಲಿ ಬರೆದು ಆ ಕಾರ್ಯಕ್ರಮದ ವಾಹಿನಿಗೂ ಕಳುಹಿಸಿರಿ.