ನಿಮಗಿದು ಗೊತ್ತೆ? ಸುತ್ತಿಗೆ ಹುಡುಕುವಾಗ ಸಿಕ್ಕ ಹೊನ್ನು
ಇಂಗ್ಲೆಂಡಿನ ಹಾಕ್ಸನ್ ಹಳ್ಳಿಯ ರೈತರೊಬ್ಬರ ಸುತ್ತಿಗೆ ಹೊಲದಲ್ಲೆಲ್ಲೋ ಬಿದ್ದುಹೋಗಿತ್ತು. ಹುಡುಕಿಕೊಡಲು 1992ರ ನವೆಂಬರ್ 16ರಂದು ಗೆಳೆಯ ಎರಿಕ್ ಲಾಸ್ ಮೆಟಲ್ ಡಿಟೆಕ್ಟರ್ ಹಿಡಿದು ಬಂದರು. ಯಂತ್ರ ಸದ್ದು ಮಾಡಿದಲ್ಲಿ ಅಗೆದರೆ ಬೆಳ್ಳಿ ಚಮಚ, ಚಿನ್ನದ ಸರ, ರಾಶಿ ರಾಶಿ ನಾಣ್ಯ!

ಲಾಸ್ ಅಲ್ಲಿಗೇ ಕೈ ತಡೆದು ಸುದ್ದಿ ಮುಟ್ಟಿಸಿದರು. ಅದೇ ದೊಡ್ಡತನ. ಮರುದಿನವೇ ಬಂದ ಪುರಾತತ್ವಜ್ಞರಿಗೆ, ನಿಧಿ ಹೂತಿಟ್ಟಿದ್ದ ಪೆಟ್ಟಿಗೆಯೊಳಗೆ ಯಾವ ವಸ್ತು ಎಲ್ಲಿತ್ತೆಂದು ದಾಖಲಿಸಲು ಸಾಧ್ಯವಾಯಿತು. ನಾಣ್ಯಗಳೇ ಸುಮಾರು 15,000, ಎಲ್ಲವೂ ರೋಮನ್ ಕಾಲದವು.

ಜೊತೆಗೆ ನಾಲ್ಕು ಬೆಳ್ಳಿಯ ಮೆಣಸಿನ ಡಬ್ಬಿಗಳು. ಒಂದಂತೂ ಜಡೆ ಹೆಣೆದು ಸಿಂಗರಿಸಿಕೊಂಡ ಸಿರಿವಂತೆಯ ರೂಪದ್ದು. ತಳದ ಬಿಲ್ಲೆ ತಿರುಗಿಸಿದರೆ ಪುಡಿ ಉದುರುತ್ತಿತ್ತು. ರೋಮನ್ನರಿಗೆ ಕರಿಮೆಣಸು ಹೋಗುತ್ತಿದ್ದುದು ಭಾರತದ ಪಶ್ಚಿಮ ಕರಾವಳಿಯಿಂದ!

ಸುತ್ತಿಗೆಯೂ ಸಿಕ್ಕಿತು. ಈಗ ಅದೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.